‘ಅದು ಬಿಡಿ’ ಅಂದಿರಲ್ಲ, ಅದನ್ನೇ ಹಿಡಿದಿದ್ದೇನೆ

ಈ ವಾರದ ಪತ್ರ ಓದಿ ಮುಗಿಸುವ ಹೊತ್ತಿಗೆ ನನಗೆ ಮೂವರ ಮೇಲೆ ಸಿಟ್ಟು ಬಂದಿತ್ತು. ಒಂದು ರಾತ್ರಿ ಕಳೆದ ಮೇಲೆ ಒಬ್ಬರ ಮೇಲಿನದು ಇಳಿಯಿತು. ಯಾರೆಂದು ಮುಂದೆ ಹೇಳುತ್ತೇನೆ.

ಬರೆದವರಿಗೆ 29 ವರ್ಷ. ಐದು ವರ್ಷದಿಂದ ಒಬ್ಬರೇ ವೆಬ್ ಡಿಸೈನ್ ಮಾಡುತ್ತಿದ್ದಾರೆ. ಮೂರು ವರ್ಷದ ಹಿಂದೆ ದೊಡ್ಡಪ್ಪನ ಮಗ ತನ್ನ ಪರಿಚಯದ ಹಲ್ಲಿನ ಡಾಕ್ಟರೊಬ್ಬರನ್ನು ಕರೆತಂದು, ‘ನಮ್ಮ ಹುಡುಗೀನೇ, ಎರಡು ದಿನದಲ್ಲಿ ಮಾಡಿಕೊಡ್ತಾಳೆ, ಜಾಸ್ತಿ ಏನೂ ತಗೊಳಲ್ಲ’ ಎಂದು ಇವರೆದುರೇ ಹೇಳಿದ. ಡಾಕ್ಟರು ಎಷ್ಟಾಗುತ್ತೆ ಎಂದು ಕೇಳಿದರು. ಇವರು ‘ನಿಮಗೆ ಸರಿ ಅನ್ನಿಸಿದ್ದು ಕೊಡಿ’ ಎಂದರು. ಡಾಕ್ಟರು ತಮಗೆ ಸರಿ ಅನ್ನಿಸಿದ್ದು ಕೊಟ್ಟರು. ಅಂದಿನಿಂದ ಫೋಟೊ ಬದಲಿಸು, ಸಮಯ ತಿದ್ದು ಎಂಬ ಮೆಸೇಜು ರಾತ್ರಿ ಒಂಬತ್ತರ ಮೇಲೆ ಬರುತ್ತವೆ, ಎಲ್ಲವೂ ಪುಕ್ಕಟೆ ಆಗುತ್ತದೆ. ಈಗ ಡಾಕ್ಟರು ಎರಡನೇ ಕ್ಲಿನಿಕ್ ತೆರೆಯುತ್ತಿದ್ದಾರೆ. ಹೊಸ ಸೈಟಿಗೆ ಇವರು ಧೈರ್ಯ ಮಾಡಿ ಒಂದು ಮೊತ್ತ ಹೇಳಿದರೆ, ‘ಅಷ್ಟೊಂದಾ? ಎರಡು ದಿನದ ಕೆಲಸ ಅಲ್ವಾ? ಟೆಂಪ್ಲೇಟ್ ಹಾಕೋದು ತಾನೆ?’ ಅಂದರಂತೆ. ಅಣ್ಣನೂ ಫೋನ್ ಮಾಡಿ ‘ನನ್ನ ಮರ್ಯಾದೆ ತೆಗೀಬೇಡ’ ಅಂದನಂತೆ. ನನಗೆ ದುರಾಸೆಯಾ, ಗಂಟೆ ಲೆಕ್ಕದಲ್ಲಿ ಕೇಳಲಾ, ಒಟ್ಟು ಮೊತ್ತ ಕೇಳಲಾ ಎಂಬುದು ಇವರ ಪ್ರಶ್ನೆ.

ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಪತ್ರದ ನಡುವೆ ಕಂಸದೊಳಗೆ ಒಂದು ಸಾಲಿದೆ: ‘(ಡೊಮೇನ್ ನನ್ನ ಹೆಸರಲ್ಲೇ ಇದೆ, ರಿನ್ಯೂವಲ್ ಪ್ರತಿ ವರ್ಷ ನನ್ನ ಕಾರ್ಡಿನಿಂದಲೇ ಹೋಗುತ್ತೆ, ಅದು ಬಿಡಿ.)’

ಹೇಗಮ್ಮ ಬಿಡಲಿ?

ಡೊಮೇನ್, ಅಂದರೆ ಸೈಟಿನ ವೆಬ್ ವಿಳಾಸ, ಕೊಂಡು ಮನೆಯಲ್ಲಿಟ್ಟುಕೊಳ್ಳುವ ವಸ್ತುವಲ್ಲ ಎಂದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ಅದು ಬಾಡಿಗೆಯ ಹಾಗೆ. ಡಾಟ್ ಕಾಮ್ ಥರದ ಹೆಸರನ್ನು ಒಟ್ಟಿಗೆ ಹೆಚ್ಚೆಂದರೆ 10 ವರ್ಷಕ್ಕೆ ನೋಂದಾಯಿಸಬಹುದು, ಆಮೇಲೆ ಮತ್ತೆ ಕಟ್ಟಬೇಕು. ನಾಳೆ ನಿಮ್ಮ ಕಾರ್ಡಿನ ಅವಧಿ ಮುಗಿಯಿತು ಅನ್ನಿ. ಎಚ್ಚರಿಕೆಯ ಮೇಲ್ ಬರುವುದು ನಿಮ್ಮ ಇನ್‌ಬಾಕ್ಸಿಗೆ, ನೂರು ಜಾಹೀರಾತುಗಳ ನಡುವೆ. ಒಂದು ಬೆಳಿಗ್ಗೆ ಸೈಟ್ ತೆರೆಯುವುದಿಲ್ಲ. ಕ್ಲಿನಿಕ್ಕಿನ ಇಮೇಲ್ ವಿಳಾಸವೂ ಅದೇ ಹೆಸರಿನಲ್ಲಿದ್ದರೆ ಅದೂ ನಿಂತಿತು. ಗಡುವುಗಳೆಲ್ಲ ಕಳೆದರೆ ಆ ಹೆಸರನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಆಗ ಡಾಕ್ಟರು ನಿಮಗೆ ಫೋನ್ ಮಾಡುವುದು ಮೂರು ವರ್ಷ ಕಾಪಾಡಿದ್ದಕ್ಕೆ ಥ್ಯಾಂಕ್ಸ್ ಹೇಳಲಿಕ್ಕಲ್ಲ.

ಇನ್ನೊಬ್ಬರ ಅಂಗಡಿಯ ಬೋರ್ಡನ್ನು ನಿಮ್ಮ ಡ್ರಾಯರಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದೀರಿ, ಅದಕ್ಕೆ ಬಾಡಿಗೆಯನ್ನೂ ನೀವೇ ಕಟ್ಟುತ್ತಿದ್ದೀರಿ. ಇದು ಡಾಕ್ಟರಿಗೆ ಗೊತ್ತೇ ಇಲ್ಲ ಎಂದು ನನ್ನ ಅನುಮಾನ. ಮೂರು ವರ್ಷದಲ್ಲಿ ಅವರ ಕೈಗೆ ಒಂದು ಬಿಲ್ಲೂ ಹೋಗಿಲ್ಲವಲ್ಲ. ವೆಬ್‌ಸೈಟ್ ನಡೆಸುವುದಕ್ಕೆ ಸೊನ್ನೆ ಖರ್ಚು ಎಂಬ ಪಾಠ ಅವರಿಗೆ ಹೇಳಿಕೊಟ್ಟವರು ನೀವು. ಪಾಠ ಕಲಿತ ವಿದ್ಯಾರ್ಥಿ ‘ಅಷ್ಟೊಂದಾ?’ ಅಂದರೆ ಮುನಿಸೇಕೆ?

ಹೌದು, ನನ್ನ ಸಿಟ್ಟು ಇಳಿದದ್ದು ಡಾಕ್ಟರ ಮೇಲಿನದು. ಅವರು ಮೊದಲ ದಿನವೇ ಎಷ್ಟಾಗುತ್ತೆ ಎಂದು ಬಾಯಿ ಬಿಟ್ಟು ಕೇಳಿದ ಮನುಷ್ಯ. ಹಲ್ಲು ತುಂಬಿಸಲು ಬಂದ ರೋಗಿಗೆ ಅವರು ‘ನಿಮಗೆ ಸರಿ ಅನ್ನಿಸಿದ್ದು ಕೊಡಿ’ ಅನ್ನುತ್ತಾರೆಯೇ? ಎರಡು ನಿಮಿಷ ಬಾಯಿ ತೆರೆಸಿ ನೋಡಿದ್ದಕ್ಕೂ ಫೀಸು ಇದೆ, ಇರಲೇಬೇಕು.

ಅಣ್ಣನಿಗೆ ಮಾತ್ರ ನನ್ನಲ್ಲಿ ಒಂದು ಚೂರೂ ಕನಿಕರವಿಲ್ಲ. ಈ ಅಂಕಣದ ಹಳೆಯ ಓದುಗರಿಗೆ ಗೊತ್ತು, ಮಧ್ಯಸ್ಥರೆಂದರೆ ನನಗೆ ಆಗಿಬರುವುದಿಲ್ಲ. ಕೆಲಸ ಇವರದು, ರಾತ್ರಿ ನಿದ್ದೆಗೆಟ್ಟದ್ದು ಇವರು, ‘ಜಾಸ್ತಿ ತಗೊಳಲ್ಲ’ ಎಂದು ಉದಾರಿ ಅನ್ನಿಸಿಕೊಂಡದ್ದು ಆತ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಅವನ ಮರ್ಯಾದೆ ಅಷ್ಟು ದುಬಾರಿಯದಾದರೆ ವ್ಯತ್ಯಾಸದ ಹಣ ಅವನೇ ಕೊಡಲಿ.

ಆ ‘ಎರಡು ದಿನ’ದ ಬಗ್ಗೆಯೂ ಒಂದು ಮಾತು. ಕ್ಯಾಮೆರಾದಿಂದ ನೇರ ಬಂದ ಭಾರದ ಫೋಟೊಗಳನ್ನು ಫೋನಿನಲ್ಲಿ ತಟ್ಟನೆ ತೆರೆಯುವಂತೆ ಇಳಿಸಿದ್ದು, ಹಲ್ಲುನೋವಿನಲ್ಲಿರುವವನ ಹೆಬ್ಬೆರಳಿಗೆ ಸಿಗುವ ಕಡೆ ಅಪಾಯಿಂಟ್‌ಮೆಂಟ್ ಬಟನ್ ಇಟ್ಟದ್ದು, ತೆಳು ಬೂದು ಅಕ್ಷರ ಬೇಕೆಂದು ಡಾಕ್ಟರು ಹಟ ಹಿಡಿದಾಗ ನೀವು ಒಪ್ಪದೆ ಇದ್ದದ್ದು. ಇವೆಲ್ಲ ನೀವೇ ಬರೆದ ವಿವರಗಳು, ಬಹುಶಃ ದೂರಿನಂತೆ ಬರೆದಿರಿ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಎಂಬ ಅಂತರರಾಷ್ಟ್ರೀಯ ಮಾನದಂಡ ನಿಮಗೆ ಗೊತ್ತಿತ್ತು, ಅದಕ್ಕೇ ವಯಸ್ಸಾದ ರೋಗಿಗಳೂ ಆ ಪುಟ ಓದುತ್ತಿದ್ದಾರೆ. ಅದನ್ನು ಕಲಿತದ್ದು ಆ ಎರಡು ದಿನದಲ್ಲಲ್ಲ. ಇನ್ನು ಟೆಂಪ್ಲೇಟು, ಅಂದರೆ ಸಿದ್ಧ ವಿನ್ಯಾಸ. ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ 2003ರಿಂದ ಪುಕ್ಕಟೆ ಸಿಗುತ್ತದೆ, ನಿಜ. ಅಷ್ಟೇಕೆ, 1993ರ ಏಪ್ರಿಲ್ 30ರಂದು ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ಇಡೀ ವೆಬ್ಬನ್ನೇ ಶುಲ್ಕವಿಲ್ಲದೆ ಜಗತ್ತಿಗೆ ಬಿಟ್ಟುಕೊಟ್ಟಿತು. ಆದರೆ ಅದನ್ನು ಕಟ್ಟಿದ ಟಿಮ್ ಬರ್ನರ್ಸ್-ಲೀ ಆಗ ಅಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದರು. ನಿಮಗೆ ಸಂಬಳ ಕೊಡುವವರು ಯಾರು?

ಗಂಟೆಯೋ ಒಟ್ಟೋ ಎಂಬುದಕ್ಕೆ ಚುಟುಕಾಗಿ ಹೇಳಿಬಿಡುತ್ತೇನೆ: ಡಾಕ್ಟರಿಗೆ ಒಟ್ಟು ಮೊತ್ತ ಹೇಳಿ, ಗಂಟೆಯ ಲೆಕ್ಕ ನಿಮ್ಮ ಡೈರಿಯಲ್ಲಿರಲಿ. ಗಂಟೆಗಿಷ್ಟು ಎಂದರೆ ಕೈ ಚುರುಕಾದಷ್ಟೂ ಸಂಪಾದನೆ ಕಡಿಮೆಯಾಗುತ್ತದೆ. ವಾರಕ್ಕೆ 40 ಗಂಟೆಯಂತೆ ವರ್ಷಕ್ಕೆ 2080 ಗಂಟೆ ಎಂದು ಹಿಡಿದು, ಬೇಕಾದ ಆದಾಯವನ್ನು ಅದರಿಂದ ಭಾಗಿಸಿ ದರ ಕಟ್ಟುವವರೂ ಇದ್ದಾರೆ. ಫೋನಿನಲ್ಲಿ ಕಳೆದದ್ದು, ಕೊಟೇಶನ್ ಬರೆದದ್ದು, ಹೊಸದು ಕಲಿತದ್ದು, ಬಾಕಿಗಾಗಿ ಅಲೆದದ್ದು ಎಲ್ಲ ಆ 2080ರ ಒಳಗೇ ಇರುತ್ತದೆ. ಅದಕ್ಕೆ ಬಿಲ್ ಮಾಡಲು ಆಗುವುದಿಲ್ಲ.

ಆದರೆ ಹೊಸ ಸೈಟಿನ ಮಾತು ಸದ್ಯಕ್ಕೆ ಎತ್ತಲೇಬೇಡಿ. ನಾನು ಹೇಳುವ ಕೆಲಸ ಒಂದೇ: ಈ ವಾರದೊಳಗೆ ಆ ಡೊಮೇನನ್ನು ಡಾಕ್ಟರ ಹೆಸರಿಗೆ, ಅವರ ಖಾತೆಗೆ, ಅವರ ಕಾರ್ಡಿಗೆ ದಾಟಿಸಿ. ದಾಟಿಸುವ ಮುಂಚೆ ಡಿಎನ್‌ಎಸ್ ಸೆಟ್ಟಿಂಗುಗಳನ್ನೆಲ್ಲ (ಸೈಟು, ಮೇಲ್ ಎಲ್ಲಿಗೆ ಹೋಗಬೇಕೆಂದು ತಿಳಿಸುವವು) ಬರೆದಿಟ್ಟುಕೊಳ್ಳಿ, ಇಲ್ಲವಾದರೆ ಕ್ಲಿನಿಕ್ಕಿನ ಮೇಲ್ ಅರ್ಧದಲ್ಲಿ ನಿಂತು ಅದೂ ನಿಮ್ಮ ತಲೆಗೇ ಬರುತ್ತದೆ. ಜೊತೆಗೆ ಮೂರು ವರ್ಷದ ರಿನ್ಯೂವಲ್ ರಸೀದಿಗಳನ್ನು ಕಳಿಸಿ. ಹೀಗೆ ಬರೆಯಿರಿ: ‘ಡಾಕ್ಟ್ರೇ, ಕ್ಲಿನಿಕ್ಕಿನ ವೆಬ್ ವಿಳಾಸ ಇಷ್ಟು ದಿನ ನನ್ನ ಹೆಸರಲ್ಲಿತ್ತು, ಅದು ನಿಮ್ಮ ಹೆಸರಲ್ಲಿರಬೇಕು. ಇದುವರೆಗೆ ನಾನು ಕಟ್ಟಿದ ಹಣದ ರಸೀದಿಗಳು ಜೊತೆಗಿವೆ, ಈ ವಾರ ಕಳಿಸಿಕೊಟ್ಟರೆ ಅನುಕೂಲ.’ ಅಷ್ಟೇ. ಕ್ಷಮೆ, ಸಂಕೋಚ, ನಗುವ ಎಮೋಜಿ ಯಾವುದೂ ಬೇಡ. ರಾತ್ರಿಯ ತಿದ್ದುಪಡಿಗಳ ಹಣ ಕೇಳಬೇಡಿ, ಅದು ಹೋಯಿತು. ಅಣ್ಣನಿಗೆ ಹೇಳಬೇಡಿ.

ಅವರು ಹಣ ಕಳಿಸುತ್ತಾರೋ, ಗೊಣಗುತ್ತಾರೋ, ಸುಮ್ಮನಾಗುತ್ತಾರೋ ನೋಡಿ. ಹೊಸ ಸೈಟಿಗೆ ಎಷ್ಟು ಮುಂಗಡ ಕೇಳಬೇಕೆಂಬುದನ್ನು ಆ ಉತ್ತರ ನೋಡಿ ತೀರ್ಮಾನಿಸೋಣ, ಮತ್ತೆ ಬರೆಯಿರಿ.

ಮುಂದಿನ ರಿನ್ಯೂವಲ್ ಯಾವ ತಿಂಗಳು ಎಂದು ನೀವು ಬರೆದಿಲ್ಲ. ಕಾರ್ಡಿನ ಅವಧಿ ಯಾವಾಗ ಮುಗಿಯುತ್ತದೆ ಎಂದೂ ಬರೆದಿಲ್ಲ. ಈ ಪುಟ ಪಕ್ಕಕ್ಕಿಟ್ಟು ಮೊದಲು ಅವೆರಡನ್ನೂ ನೋಡಿ.