ಓದುಗರ ಪ್ರಶ್ನೆ: ಸಂಬಳದ ಕೆಲಸ ಬಿಟ್ಟು ಚಿತ್ರ ಬರೆಯುತ್ತಾ ಬದುಕಬಹುದೇ?

ಪ್ರಶ್ನೆ: ನನಗೆ 28 ವರ್ಷ. ಬಿ.ಕಾಂ. ಮುಗಿಸಿ ದಾವಣಗೆರೆಯ ಖಾಸಗಿ ಬ್ಯಾಂಕೊಂದರ ಶಾಖೆಯಲ್ಲಿ ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಪ್ರತಿ ತಿಂಗಳೂ ಇಷ್ಟು ವಿಮಾ ಪಾಲಿಸಿ ಮಾರಲೇಬೇಕೆಂಬ ಟಾರ್ಗೆಟ್‌ನಿಂದ ಬೇಸತ್ತಿದ್ದೇನೆ. ಚಿಕ್ಕಂದಿನಿಂದಲೂ ಚಿತ್ರ ಬರೆಯುವ ಹುಚ್ಚಿದೆ. ಎರಡು ಕಥಾಸಂಕಲನಗಳ ಮುಖಪುಟಕ್ಕೂ ಮಕ್ಕಳ ಪುಸ್ತಕವೊಂದಕ್ಕೂ ಚಿತ್ರ ಬರೆದುಕೊಟ್ಟಿದ್ದೇನೆ. ತಂದೆ ನಿವೃತ್ತರಾಗಿದ್ದು, ಮನೆ ಸಾಲದ ಕಂತಿನಲ್ಲಿ ಅರ್ಧ ನನ್ನ ಪಾಲಿಗಿದೆ. ಕೆಲಸ ಬಿಟ್ಟು ಪೂರ್ಣಾವಧಿ ಚಿತ್ರಕಲಾವಿದೆಯಾದರೆ ಸಂತೋಷವಾಗಿರುತ್ತೇನೆಯೇ?
— ಹೆಸರು ಬೇಡ, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಇಲ್ಲಿ ಅಚ್ಚಾಗಿರುವುದಕ್ಕಿಂತ ಬಹಳ ದೊಡ್ಡದಿತ್ತು. ಅದನ್ನು ಮತ್ತೆ ಮತ್ತೆ ಓದಿದಾಗ ನನಗೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಅದರ ಬಹುಪಾಲು ತುಂಬಿಕೊಂಡಿರುವುದು ಟಾರ್ಗೆಟ್‌ನ ಸಂಕಟ, ಬೇಡವೆಂದವರಿಗೂ ಪಾಲಿಸಿ ಒಪ್ಪಿಸಬೇಕಾದ ಮುಜುಗರ, ಸಂಜೆ ಏಳರ ನಂತರವೂ ಬಿಡದ ಫೋನು. ಚಿತ್ರದ ಬಗ್ಗೆ ಇರುವುದು ಕೊನೆಯ ಕೆಲವು ಸಾಲುಗಳು ಮಾತ್ರ. ಆ ಶಾಖೆಯಿಂದ ಹೊರಬರಬೇಕೆಂಬ ಆಸೆ ಬೇರೆ, ಚಿತ್ರವನ್ನೇ ಜೀವನೋಪಾಯ ಮಾಡಿಕೊಳ್ಳಬೇಕೆಂಬ ಆಸೆ ಬೇರೆ. ನಿಮ್ಮೊಳಗೆ ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಂದರ ನೋವಿಗೆ ಇನ್ನೊಂದೇ ಮದ್ದೆಂದು ತೋರುತ್ತಿದೆ. ಟಾರ್ಗೆಟ್ ಇಲ್ಲದ, ಗೌರವವಾಗಿ ದುಡಿಯಬಹುದಾದ ಲೆಕ್ಕಪತ್ರದ ಕೆಲಸ ನಾಳೆಯೇ ಸಿಕ್ಕರೂ ನೀವು ರಾಜೀನಾಮೆ ಕೊಟ್ಟು ಚಿತ್ರಕ್ಕೇ ಇಳಿಯುತ್ತೀರಾ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಹೌದೆಂಬ ಉತ್ತರ ತಡವರಿಸದೆ ಬಂದರೆ ಮಾತ್ರ ಮುಂದಿನ ಮಾತು ನಿಮಗೆ ಅನ್ವಯಿಸುತ್ತದೆ.

ಮನುಷ್ಯನಿಗೆ ಕೆಲಸದಲ್ಲಿ ತೃಪ್ತಿ ಎಲ್ಲಿಂದ ಬರುತ್ತದೆಂಬುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ಅವರು ಮುಖ್ಯವೆಂದು ಗುರುತಿಸಿದ್ದು ಮೂರು ಅಗತ್ಯಗಳನ್ನು: ನನ್ನ ಕೆಲಸ ನನ್ನ ಇಚ್ಛೆಯಿಂದ ನಡೆಯುತ್ತಿದೆಯೆಂಬ ಭಾವ, ಕೈ ಪಳಗುತ್ತಿದೆಯೆಂಬ ಅರಿವು ಮತ್ತು ಸುತ್ತಲಿನವರೊಂದಿಗೆ ಬಾಂಧವ್ಯ. ಬ್ಯಾಂಕಿನಲ್ಲಿ ಮೊದಲನೆಯದು ನಿಮಗೆ ಸಿಗುತ್ತಿಲ್ಲವೆಂಬುದು ಸ್ಪಷ್ಟವಾಗಿದೆ. ಆದರೆ ಸ್ವತಂತ್ರ ಚಿತ್ರಕಲಾವಿದೆಯ ದಿನವನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕಾಗುತ್ತದೆ. ಪ್ರಕಾಶಕರು ಮುಖಪುಟವನ್ನು ಮೂರು ಸಲ ತಿದ್ದಿಸುತ್ತಾರೆ, ನಿಮಗೆ ಪ್ರಿಯವಾದ ಬಣ್ಣವನ್ನೇ ತೆಗೆಸುತ್ತಾರೆ, ಸಂಭಾವನೆಯನ್ನು ಪುಸ್ತಕ ಬಿಡುಗಡೆಯಾದ ಮೇಲೆ ಕೊಡುತ್ತೇವೆನ್ನುತ್ತಾರೆ. ಶಾಖೆಯಲ್ಲಿ ಊಟದ ಡಬ್ಬಿ ಹಂಚಿಕೊಳ್ಳುವ ಗೆಳತಿಯರಿರುತ್ತಾರೆ, ಮನೆಯ ಕೋಣೆಯಲ್ಲಿ ಇಡೀ ದಿನ ನೀವೊಬ್ಬರೇ. ಇಷ್ಟೆಲ್ಲ ತಿಳಿದೂ ಈ ವೃತ್ತಿಯಲ್ಲಿ ಸಂತೋಷವಾಗಿರುವವರನ್ನು ನಾನು ಬಲ್ಲೆ, ಅವರ ಬದುಕಿನ ಬಗ್ಗೆ ನನಗೆ ನಿಜವಾದ ಗೌರವವಿದೆ. ಅವರಿಗೆ ಚಿತ್ರವಷ್ಟೇ ಅಲ್ಲ, ಚಿತ್ರದ ಸುತ್ತಲಿನ ಈ ವ್ಯವಹಾರವೂ ಸಹ್ಯವಾಗಿದೆ.

ಇನ್ನೊಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗ ಇಂದಿಗೂ ಪ್ರಸಿದ್ಧವಾಗಿದೆ. ಅವರು ಶಿಶುವಿಹಾರವೊಂದರಲ್ಲಿ ತಾವಾಗಿಯೇ ಖುಷಿಯಿಂದ ಚಿತ್ರ ಬರೆಯುತ್ತಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಚಿತ್ರ ಬರೆದರೆ ಬಹುಮಾನಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು, ಕೆಲವರಿಗೆ ಬರೆದಾದ ಮೇಲೆ ಹೇಳದೆ ಕೊಟ್ಟರು, ಉಳಿದವರಿಗೆ ಏನನ್ನೂ ಕೊಡಲಿಲ್ಲ. ಒಂದೆರಡು ವಾರಗಳ ನಂತರ ಗಮನಿಸಿದಾಗ, ಬಹುಮಾನದ ಮಾತು ಕೇಳಿ ಬರೆದಿದ್ದ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರಕ್ಕೆ ಕೊಡುತ್ತಿದ್ದ ಸಮಯ ಉಳಿದವರದರ ಅರ್ಧದಷ್ಟಕ್ಕೆ ಇಳಿದಿತ್ತು. ಅನಿರೀಕ್ಷಿತವಾಗಿ ಬಹುಮಾನ ಪಡೆದ ಮಕ್ಕಳ ಉತ್ಸಾಹ ಕುಗ್ಗಿರಲಿಲ್ಲ. ಮಕ್ಕಳ ಪ್ರಯೋಗವನ್ನು ದೊಡ್ಡವರ ವೃತ್ತಿಗೆ ಹಾಗೆಯೇ ಹೊಂದಿಸಲಾಗದು. ಆದರೂ ಹಣಕ್ಕಾಗಿಯೇ ಮಾಡಬೇಕಾಗಿ ಬಂದಾಗ ಪ್ರೀತಿಯ ಕೆಲಸದ ಸ್ವರೂಪ ಬದಲಾಗಬಹುದೆಂಬ ಎಚ್ಚರಿಕೆ ಅದರಲ್ಲಿದೆ. ನಿಮ್ಮ ರಾತ್ರಿಯ ಚಿತ್ರಗಳು ಈಗ ಯಾರ ಸಾಲವನ್ನೂ ತೀರಿಸಬೇಕಾಗಿಲ್ಲ. ನಾಳೆ ಮನೆ ಸಾಲದ ಕಂತು ಅವುಗಳ ಹೆಗಲೇರಿದರೆ, ನಿಮಗೆ ಇಷ್ಟವಾದದ್ದಕ್ಕಿಂತ ಬೇಗ ಮುಗಿಯುವುದನ್ನು, ಸುಲಭವಾಗಿ ಒಪ್ಪಿಗೆಯಾಗುವುದನ್ನು ಬರೆಯಬೇಕಾದೀತು.

ಕನ್ನಡದಲ್ಲೇ ಎರಡೂ ಬಗೆಯವರಿದ್ದಾರೆ. ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡುತ್ತಲೇ ಕವಿತೆ ಬರೆದರು, ಯಶವಂತ ಚಿತ್ತಾಲರು ಮುಂಬಯಿಯ ಪಾಲಿಮರ್ ಉದ್ಯಮದಲ್ಲಿ ತಂತ್ರಜ್ಞರಾಗಿ ದುಡಿಯುತ್ತಲೇ ಕಥೆ, ಕಾದಂಬರಿ ಬರೆದರು. ನಮ್ಮ ಚಿತ್ರದುರ್ಗದ ಇತಿಹಾಸವನ್ನು ಕಾದಂಬರಿಗಳಾಗಿಸಿದ ತ.ರಾ.ಸು. ಅವರು ಬರವಣಿಗೆಯನ್ನೇ ನಂಬಿ ಬದುಕಿದರು. ಯಾವ ದಾರಿ ಹಿಡಿದರೆಂಬುದರ ಮೇಲೆ ಇವರಲ್ಲಿ ಯಾರನ್ನೂ ಹೆಚ್ಚು ಕಡಿಮೆ ಎನ್ನಲಾಗದು.

ನನ್ನ ಸಲಹೆಯನ್ನು ನೇರವಾಗಿಯೇ ಹೇಳುತ್ತೇನೆ: ಈ ವರ್ಷ ರಾಜೀನಾಮೆ ಕೊಡಬೇಡಿ. ಸತತವಾಗಿ 5 ವರ್ಷ ಸೇವೆ ಸಲ್ಲಿಸಿದ ಕಾಯಂ ಉದ್ಯೋಗಿಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನದ ಲೆಕ್ಕದಲ್ಲಿ ಗ್ರಾಚ್ಯುಟಿ ಸಿಗುತ್ತದೆ, ನಾಲ್ಕು ವರ್ಷ ದುಡಿದು ಅದನ್ನು ಕಳೆದುಕೊಳ್ಳುವುದು ಜಾಣತನವಲ್ಲ. ಕೆಲಸ ಬಿಟ್ಟ ದಿನದಿಂದ ಭವಿಷ್ಯ ನಿಧಿಗೆ ಬ್ಯಾಂಕು ಹಾಕುತ್ತಿದ್ದ ಪಾಲು ನಿಲ್ಲುತ್ತದೆ, ಆರೋಗ್ಯ ವಿಮೆಯ ಕಂತನ್ನು ನೀವೇ ಕಟ್ಟಬೇಕಾಗುತ್ತದೆ. ಈ ಒಂದು ವರ್ಷ ಬಂದ ಚಿತ್ರದ ಕೆಲಸಗಳನ್ನು ಗಡುವು ಗೊತ್ತುಮಾಡಿಕೊಂಡು, ಮುಂಗಡ ಪಡೆದು, ವೃತ್ತಿಯವರಂತೆಯೇ ಮಾಡಿ. ಸಂಕೋಚಪಟ್ಟು ಪುಕ್ಕಟೆಯಾಗಿ ಬರೆದುಕೊಡಬೇಡಿ. ನಿಮ್ಮಂಥವರ ಈ ಸಂಕೋಚದಿಂದಲೇ ಮುಖಪುಟ ಬರೆಯುವವರ ಸಂಭಾವನೆ ಮೇಲೇಳುತ್ತಿಲ್ಲವೆಂಬುದು ನನ್ನ ಬಹುಕಾಲದ ಬೇಸರ. ಅದರ ಜೊತೆಗೆ ಮಾರಾಟಕ್ಕಿಲ್ಲದ ಒಂದು ಚಿತ್ರಪುಸ್ತಕವನ್ನೂ ಇಟ್ಟುಕೊಳ್ಳಿ. ವರ್ಷದ ಕೊನೆಯಲ್ಲಿ ಆ ಪುಸ್ತಕವೂ ತುಂಬಿದ್ದು, ಚಿತ್ರದಿಂದ ಬಂದ ಹಣ ಸಾಲದ ಕಂತಿನ ನಿಮ್ಮ ಪಾಲಿಗೆ ಸಾಲುವಂತಿದ್ದರೆ ತಂದೆಯವರ ಮುಂದೆ ಆ ಲೆಕ್ಕ ಇಟ್ಟು ಮಾತನಾಡಿ. ಶಾಖೆಯ ಒತ್ತಡವನ್ನು ಅಲ್ಲಿಯವರೆಗೂ ಸಹಿಸಲಾಗದಿದ್ದರೆ ಬ್ಯಾಂಕನ್ನು ಬದಲಾಯಿಸಿ. ಆದರೆ ಮುಂದೆ ನೋಡೋಣವೆಂದು ದಿನಾಂಕವಿಲ್ಲದೆ ತಳ್ಳುತ್ತಾ ಹೋಗುವುದನ್ನೂ ನಾನು ಒಪ್ಪುವುದಿಲ್ಲ. ಇಂಥ ತಿಂಗಳು, ಇಷ್ಟು ಉಳಿತಾಯ ಎಂದು ಇಂದೇ ಬರೆದಿಡಿ.

ಪ್ರಶ್ನೆ: ಮಗಳು ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ. ಎಂಜಿನಿಯರಿಂಗ್ ಬೇಡ, ಚಿತ್ರಕಲೆ ಅಥವಾ ನಾಟಕ ಕಲಿಯುತ್ತೇನೆನ್ನುತ್ತಾಳೆ. ಮುಂದೆ ಹೊಟ್ಟೆಪಾಡಿಗೆ ಏನು ಮಾಡಿಯಾಳೆಂಬ ಚಿಂತೆ ನನಗೆ.
— ಒಬ್ಬ ತಂದೆ, ಹೊಸದುರ್ಗ

ಉತ್ತರ: ನಿಮ್ಮ ಚಿಂತೆ ನ್ಯಾಯವಾದದ್ದೇ, ಅದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಆದರೆ ಕಲೆಯ ಕಲಿಕೆಗೆ ನಿಮ್ಮ ಸುತ್ತಲೇ ಎಷ್ಟು ಗಟ್ಟಿಯಾದ ವ್ಯವಸ್ಥೆಯಿದೆ ಎಂಬುದನ್ನು ಒಮ್ಮೆ ಹೋಗಿ ನೋಡಿ. ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ದೃಶ್ಯಕಲೆಯ ಪದವಿ ಶಿಕ್ಷಣವಿದೆ. ಅಲ್ಲಿ ಕಲಿಸುವ ಅನ್ವಯಿಕ ಕಲೆ ಜಾಹೀರಾತು, ಮುದ್ರಣ, ಪುಟವಿನ್ಯಾಸದ ಕೆಲಸಗಳಿಗೆ ದಾರಿ ಮಾಡುತ್ತದೆ. ನಾಟಕದ ವಿಷಯಕ್ಕೆ ಬಂದರೆ ನಿಮ್ಮ ತಾಲ್ಲೂಕಿನ ಸಾಣೇಹಳ್ಳಿಯಲ್ಲೇ ರಂಗಶಿಕ್ಷಣ ಕೊಡುವ ಶಾಲೆಯಿದೆ. ಅಲ್ಲಿನ ಶಿವಸಂಚಾರ ತಂಡ 1997ರಿಂದ ನಾಟಕಗಳನ್ನು ಹೊತ್ತು ನಾಡಿನ ಊರೂರು ಸುತ್ತುತ್ತಿದೆ. ಮಗಳನ್ನು ಕರೆದುಕೊಂಡು ಹೋಗಿ ಒಂದಿಡೀ ದಿನ ಅಲ್ಲಿದ್ದು ಬನ್ನಿ, ಬೆಳಗಿನ ತಾಲೀಮು, ರಂಗಸಜ್ಜಿಕೆ ಹೊರುವ ಕೆಲಸ, ಪ್ರಯಾಣದ ದಣಿವು ಇವೆಲ್ಲ ಅವಳ ಕಣ್ಣಿಗೂ ಬೀಳಲಿ. ವೇದಿಕೆಯ ಬೆಳಕನ್ನಷ್ಟೇ ನೋಡಿ ಮಾಡಿದ ಆಯ್ಕೆಗೂ ಈ ದುಡಿಮೆಯನ್ನು ನೋಡಿ ಮಾಡಿದ ಆಯ್ಕೆಗೂ ಬಹಳ ವ್ಯತ್ಯಾಸವಿದೆ.

ಭದ್ರವಾದ ಕೆಲಸವೆಂಬ ನಂಬಿಕೆಯನ್ನೂ ಸ್ವಲ್ಪ ಪರೀಕ್ಷಿಸಬೇಕು. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿದ್ದಾಗ ಗಿರಣಿ ಕೆಲಸಕ್ಕಿಂತ ಭದ್ರವಾದದ್ದಿಲ್ಲವೆಂದು ನಂಬಿದ ಮನೆಗಳಿದ್ದವು, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅದೇ ಊರಿನ ಚಿಂದೋಡಿ ಮನೆತನ ನಾಟಕ ಕಂಪನಿಯನ್ನೇ ತಲೆಮಾರುಗಳ ಕಾಲ ಜೀವನೋಪಾಯವಾಗಿ ನಡೆಸಿತು, ಆ ಮನೆಯ ಚಿಂದೋಡಿ ಲೀಲಾ ಅವರಿಗೆ ಪದ್ಮಶ್ರೀ ಬಂತು. ಕಂಪನಿ ನಾಟಕದ ಬದುಕು ಸುಲಭವಾಗಿತ್ತೆಂದು ಇದರರ್ಥವಲ್ಲ. ಅವಳಿಗೆ ಒಪ್ಪಿಗೆ ಕೊಡಿ, ಜೊತೆಗೆ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವುದನ್ನೋ ಶಾಲಾ ಮಕ್ಕಳಿಗೆ ಕಲೆ ಕಲಿಸುವುದನ್ನೋ ಓದಿನ ಕಾಲದಲ್ಲೇ ರೂಢಿಸಿಕೊಳ್ಳಬೇಕೆಂದು ಕೇಳಿಕೊಳ್ಳಿ.

ಪ್ರಶ್ನೆ: ನಾನು ಪ್ರೌಢಶಾಲೆಯೊಂದರ ಕಚೇರಿ ಗುಮಾಸ್ತ. ಸ್ನೇಹಿತರಲ್ಲಿ ಒಬ್ಬ ಕವಿ, ಇನ್ನೊಬ್ಬ ಛಾಯಾಗ್ರಾಹಕ. ನನಗೆ ಯಾವ ಕಲೆಯೂ ಇಲ್ಲ, ಹಾಗಿದ್ದೂ ನೆಮ್ಮದಿಯಾಗಿದ್ದೇನೆ. ನನ್ನಲ್ಲಿ ಏನಾದರೂ ಕೊರತೆಯಿದೆಯೇ?
— ಚಳ್ಳಕೆರೆಯ ಓದುಗ

ಉತ್ತರ: ಇಲ್ಲ. ಏಮಿ ರೆಜ್ನೆಸ್ಕಿ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಗೆಯ ಕಚೇರಿ ಕೆಲಸ ಮಾಡುವ ಆಡಳಿತ ಸಹಾಯಕರಲ್ಲಿ ಸುಮಾರು ಮೂರನೆಯ ಒಂದು ಪಾಲಿನವರು ಅದನ್ನು ಸಂಬಳದ ದುಡಿಮೆಯೆಂದೂ, ಅಷ್ಟೇ ಜನ ಮೇಲೇರುವ ಮೆಟ್ಟಿಲೆಂದೂ, ಉಳಿದವರು ತಮ್ಮ ಬಾಳಿಗೆ ಅರ್ಥ ಕೊಡುವ ಕಾಯಕವೆಂದೂ ಕಾಣುತ್ತಿದ್ದರು. ಇಪ್ಪತ್ತು ವರ್ಷಗಳ ಹಿಂದೆ ಓದು ಬಿಟ್ಟವರು ವರ್ಗಾವಣೆ ಪತ್ರ ಕೇಳಿಕೊಂಡು ಬಂದಾಗ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ ಅವರ ಹೆಸರು ಹುಡುಕಿಕೊಡುವುದನ್ನು ನೀವು ಪತ್ರದಲ್ಲಿ ಎರಡು ಪುಟ ಬರೆದಿದ್ದೀರಿ. ಅದನ್ನು ಓದಿದ ಮೇಲೆ ನಿಮಗೊಂದು ಹವ್ಯಾಸ ಹುಡುಕಿಕೊಡುವ ಅಗತ್ಯ ನನಗೆ ಕಾಣಲಿಲ್ಲ.