ಇಬ್ಬರು ಸೇರಿ ಗಿಟಾರ್ ನುಡಿಸಿದರೆ ಯಾಕೆ ಗಲಿಬಿಲಿ ಆಗುತ್ತದೆ?

ನೀವೂ ನಿಮ್ಮ ಗೆಳೆಯನೂ ಒಬ್ಬೊಬ್ಬರೇ ನುಡಿಸಿದರೆ ಚೆನ್ನಾಗಿರುತ್ತದೆ, ಜೊತೆಗೆ ಕೂತರೆ ಕೆಡುತ್ತದೆ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ, ಸೋಲೊ, ಅಂದರೆ ಮುಂದೆ ಎದ್ದು ಕೇಳುವ ರಾಗ, ನುಡಿಸುವವರಿಗಿಂತ ಹಿಂದೆ ತಾಳಕ್ಕೆ ರಿದಮ್ ಹಿಡಿದವರನ್ನೇ ಮೊದಲು ಗಮನಿಸಬೇಕು. ನಾನು ಜಾಸ್ತಿ ನುಡಿಸುವುದೂ ರಿದಮ್ಮೇ.

ಗಿಟಾರಿನ ಸ್ವರ ಮೀಟಿದ ಕ್ಷಣದಲ್ಲೇ ಜೋರು, ಆಮೇಲೆ ಇಳಿಯುತ್ತಾ ಹೋಗುತ್ತದೆ. ಪಿಟೀಲಿನ ಹಾಗೆ ಕಮಾನು ಎಳೆಯುತ್ತಾ ಸರಿಮಾಡಿಕೊಳ್ಳಲು ಆಗುವುದಿಲ್ಲ. ಇಬ್ಬರ ಮೀಟು ಚೂರು ಆಚೀಚೆ ಆದರೂ ಕಿವಿಗೆ ಎರಡಾಗಿ ಕೇಳುತ್ತದೆ. ಫ್ರಾನ್ಸಿನ ಇಡಾ ಪ್ರೆಸ್ಟಿ ಮತ್ತು ಅಲೆಕ್ಸಾಂಡರ್ ಲಗೋಯಾ ದಂಪತಿ ಇಬ್ಬರೂ ಉಗುರಿನ ಬಲಬದಿಯಿಂದಲೇ ತಂತಿ ಮೀಟುತ್ತಿದ್ದರು. ಆದ್ದರಿಂದ ನಾದವೂ ಒಂದೇ ಬಗೆಯದು. ಬ್ರೆಜಿಲ್‌ನ ಅಸ್ಸಾದ್ ಸಹೋದರರನ್ನು ಕೇಳಿ: ಒಂದು ಸಾಲನ್ನು ಅಣ್ಣ ಎಲ್ಲಿ ಬಿಟ್ಟ, ತಮ್ಮ ಎಲ್ಲಿ ಹಿಡಿದ ಅಂತ ಕಣ್ಣುಮುಚ್ಚಿ ಹೇಳುವುದು ಕಷ್ಟ.

ಇನ್ನೊಂದು ದಾರಿ ಇದಕ್ಕೆ ಪೂರ್ತಿ ಉಲ್ಟಾ. ಮೆಕ್ಸಿಕೋದ ರೋಡ್ರಿಗೊ ಮತ್ತು ಗೇಬ್ರಿಯೆಲಾ ಮೊದಲು ಮೆಟಲ್ ಬ್ಯಾಂಡಿನಲ್ಲಿದ್ದವರು, ಆಮೇಲೆ ಡಬ್ಲಿನ್‌ಗೆ ಹೋಗಿ ಬೀದಿಯಲ್ಲಿ ನುಡಿಸಿದರು. ಇವರು ಸದ್ದನ್ನು ಒಂದೇ ಮಾಡಲು ಹೋಗುವುದೇ ಇಲ್ಲ. ರೋಡ್ರಿಗೊ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿದು ಸೋಲೊ ಓಡಿಸುತ್ತಾನೆ. ಗೇಬ್ರಿಯೆಲಾ ಅದೇ ಬಲಗೈಯಲ್ಲಿ ತಂತಿಗಳನ್ನೆಲ್ಲ ಒಟ್ಟಿಗೆ ಸವರುವ ಸ್ಟ್ರಮ್ಮನ್ನೂ ಮಾಡುತ್ತಾಳೆ, ಗಿಟಾರಿನ ಮೈಮೇಲೆ ತಟ್ಟಿ ಡ್ರಮ್ಮಿನ ಕೆಲಸವನ್ನೂ ಮಾಡುತ್ತಾಳೆ. ಜನ ರೋಡ್ರಿಗೊನ ಬೆರಳು ನೋಡ್ತಾರೆ, ನಾನು ಇವಳ ಮಣಿಕಟ್ಟು ನೋಡ್ತೀನಿ!

1980ರ ಡಿಸೆಂಬರ್ 5ರಂದು ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ಥಿಯೇಟರಿನಲ್ಲಿ ಗಿಟಾರ್ ವಾದಕರಾದ ಪಾಕೊ ದೆ ಲುಸಿಯಾ ಮತ್ತು ಆಲ್ ಡಿ ಮಿಯೋಲಾ ಇಬ್ಬರೇ ಕೂತು ನುಡಿಸಿದ ಭಾಗದ ರೆಕಾರ್ಡಿಂಗ್ ಸಿಗುತ್ತದೆ. ಒಮ್ಮೆ ಸೋಲೊ ಬಿಟ್ಟು, ಹಿಂದಿನ ರಿದಮ್ ಮಾತ್ರ ಕೇಳಿ. ಎದುರಿನವನು ಎಷ್ಟೇ ಹಾರಾಡಲಿ, ಇದು ಅಲ್ಲಾಡುವುದಿಲ್ಲ. ಸಾಮಾನ್ಯವಾಗಿ ನಾವು ಮಾಡುವುದು ಏನು? ಸೋಲೊ ಬಿರುಸಾದ ತಕ್ಷಣ ರಿದಮ್ಮೂ ಜೋರಾಗಿ, ಜೊತೆಗೇ ಓಡಲು ಶುರುಮಾಡುತ್ತದೆ. ನಿಮ್ಮಲ್ಲಿ ಆಗುತ್ತಿರುವುದೂ ಬಹುಶಃ ಇದೇ.

ಗಲಿಬಿಲಿಗೆ ಇನ್ನೊಂದು ಕಾರಣ, ಇಬ್ಬರೂ ಅದೇ ಜಾಗದಲ್ಲಿ ಅದೇ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿಯುವುದು. ಒಬ್ಬರು ಓಪನ್ ಜಿ, ಅಂದರೆ ಕೆಲವು ತಂತಿ ಒತ್ತದೆ ಬಿಟ್ಟು ನುಡಿಸುವ ಜಿ ಕಾರ್ಡ್, ಹಿಡಿದರೆ, ಇನ್ನೊಬ್ಬರು 5ನೇ ಫ್ರೆಟ್‌ಗೆ (ಗಿಟಾರಿನ ಕುತ್ತಿಗೆಯ ಮೇಲಿನ ಮನೆ) ಕೇಪೊ, ಅಂದರೆ ಎಲ್ಲ ತಂತಿ ಒತ್ತಿಹಿಡಿಯುವ ಕ್ಲಿಪ್ಪು, ಹಾಕಿ ಡಿ ಕಾರ್ಡಿನ ಆಕಾರ ಹಿಡಿಯಲಿ. ಕಾರ್ಡ್ ಅದೇ ಜಿ, ಆದರೆ ಕೂರುವ ಜಾಗ ಮೇಲೆ. ಎರಡೂ ಬೇರೆ ಬೇರೆಯಾಗಿ ಕೇಳುತ್ತವೆ.

ಕೂರುವಾಗ ಒಬ್ಬರ ಬಲಗೈ ಇನ್ನೊಬ್ಬರಿಗೆ ಕಾಣಬೇಕು. ಮುಖ ನೋಡಿಕೊಂಡು ನಗುವುದು ವೇದಿಕೆಗೆ ಚೆಂದ, ಅಷ್ಟೇ. ಮೀಟು ಬರುವುದು ಕೈಯಿಂದ ಅಲ್ವಾ? ತಾಳಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಇದ್ದರೆ ನಾಲ್ಕೂ ಬೀಟಿಗೆ ಬೇಡ, ಎರಡು ಮತ್ತು ನಾಲ್ಕಕ್ಕೆ ಮಾತ್ರ ಇಟ್ಟುಕೊಳ್ಳಿ. ಒಂದು ಹಾಡನ್ನು ಹೀಗೆ ನುಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಒಂದರ ಹಿಂದೆ ಒಂದು ಕೇಳಿ, ವೇಗ ಬದಲಾಗಿದೆಯಾ ಅಂತ ಗೊತ್ತಾಗುತ್ತದೆ. ಆಮೇಲೆ ರಿದಮ್ ಹಿಡಿದವರು ಸೋಲೊ ತಗೊಳ್ಳಿ, ಸೋಲೊದವರು ರಿದಮ್ ಹಿಡಿಯಲಿ.