ಟ್ರೆಡ್‌ಮಿಲ್ ಮೇಲೆ ಆರಾಮಾಗಿ 5 ಕಿ.ಮೀ. ಓಡುತ್ತೇನೆ, ಲಾಲ್‌ಬಾಗ್‌ನಲ್ಲಿ 2 ಕಿ.ಮೀ.ಗೇ ಯಾಕೆ ಸುಸ್ತಾಗುತ್ತೆ?

ನಿಮ್ಮ ಪ್ರಶ್ನೆ ಓದಿ ನನ್ನದೇ ಹಳೆಯ ದಿನಗಳು ನೆನಪಾದವು. ಆರು ತಿಂಗಳಿಂದ ಜಿಮ್‌ನಲ್ಲಿ ಗಂಟೆಗೆ 10 ಕಿ.ಮೀ. ವೇಗ ಇಟ್ಟು ಅರ್ಧ ಗಂಟೆ ಓಡುತ್ತಿದ್ದೀರಿ, ಕಳೆದ ಭಾನುವಾರ ಲಾಲ್‌ಬಾಗ್‌ಗೆ ಹೋದರೆ ಎರಡು ಕಿಲೋಮೀಟರಿಗೇ ಏದುಸಿರು ಬಂದು ನಿಂತುಬಿಟ್ಟಿರಿ, "ಹಾಗಾದರೆ ಇಷ್ಟು ದಿನ ಓಡಿದ್ದು ಸುಳ್ಳಾ, ಟ್ರೆಡ್‌ಮಿಲ್ ಬಿಟ್ಟುಬಿಡಲಾ?" ಅಂತ ಕೇಳಿದ್ದೀರಿ. ಸುಳ್ಳಲ್ಲ. ಬಿಡಲೂ ಬೇಡಿ.

ಒಂದು ಮಾತು ಕೇಳುತ್ತೇನೆ. ಅವತ್ತು ಮೊದಲ ಕಿಲೋಮೀಟರ್ ಎಷ್ಟು ನಿಮಿಷದಲ್ಲಿ ಓಡಿದಿರಿ? ನಿಮ್ಮ ವಾಚ್‌ನಲ್ಲೋ ಫೋನ್‌ನಲ್ಲೋ ಇದ್ದೇ ಇರುತ್ತೆ, ನೋಡಿ. ಗಂಟೆಗೆ 10 ಅಂದರೆ ಕಿಲೋಮೀಟರಿಗೆ 6 ನಿಮಿಷ. ಲಾಲ್‌ಬಾಗ್‌ನಲ್ಲಿ ಖಂಡಿತ ಅದಕ್ಕಿಂತ ಜೋರಾಗಿ ಹೊರಟಿರುತ್ತೀರಿ ಅನ್ನೋದು ನನ್ನ ಊಹೆ.

ನಾನು ಯಾಕೆ ಇಷ್ಟು ಧೈರ್ಯವಾಗಿ ಹೇಳುತ್ತೇನೆ ಅಂದರೆ, ನನಗೂ ಹಾಗೇ ಆಗಿತ್ತು. ಎಂಟು ತಿಂಗಳು ನಮ್ಮ ಅಪಾರ್ಟ್‌ಮೆಂಟ್ ಜಿಮ್‌ನಲ್ಲೇ ಓಡಿದ್ದೆ. ಒಂದು ಭಾನುವಾರ ಕಬ್ಬನ್ ಪಾರ್ಕಿಗೆ ಹೋದೆ. ಅವತ್ತು ಒಳಗೆ ವಾಹನ ಬಿಡಲ್ಲ, ರಸ್ತೆ ತುಂಬ ಓಡುವವರು, ತಣ್ಣನೆ ಗಾಳಿ, ಮುಂದೆ ಹೋಗುವವರ ಹಿಂದೆಯೇ ಕಾಲು ತಾನಾಗಿ ಎಳೆಯಿತು. ಮೊದಲ ಕಿಲೋಮೀಟರ್ 5 ನಿಮಿಷ 5 ಸೆಕೆಂಡ್. ಜಿಮ್‌ನಲ್ಲಿ ನನ್ನದು ಆರೂಕಾಲು ನಿಮಿಷ! ಮೂರನೇ ಕಿಲೋಮೀಟರಿಗೆ ಬರುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಅವತ್ತು ನನಗೆ ಅರ್ಥ ಆಗಿದ್ದು ಇಷ್ಟು: ಜಿಮ್‌ನಲ್ಲಿ ವೇಗ ಕಾಯುವ ಕೆಲಸ ಮೆಷಿನ್ ಮಾಡುತ್ತಿತ್ತು, ನಾನು ಅದನ್ನು ಕಲಿತೇ ಇರಲಿಲ್ಲ. ಬಟನ್ ಒತ್ತಿದ ಮೇಲೆ ಅರ್ಧ ಗಂಟೆ ನಾವು ಏನೂ ತೀರ್ಮಾನ ಮಾಡಬೇಕಿಲ್ಲ ಅಲ್ವಾ? ಹೊರಗೆ ಹೆಜ್ಜೆ ಹೆಜ್ಜೆಗೂ ತೀರ್ಮಾನ ಮಾಡಬೇಕು. ಏರು ಬಂದಾಗ ಎಷ್ಟು ಇಳಿಸಬೇಕು, ಯಾರೋ ದಾಟಿಕೊಂಡು ಹೋದಾಗ ಸುಮ್ನೆ ಬಿಡಬೇಕಾ, ಇವೆಲ್ಲ. ಅದು ಬೇರೆಯೇ ವಿದ್ಯೆ.

"ಬೆಲ್ಟ್ ತಾನೇ ಕಾಲನ್ನು ಹಿಂದಕ್ಕೆ ಎಳೆಯುತ್ತೆ, ಅದಕ್ಕೇ ಟ್ರೆಡ್‌ಮಿಲ್ ಸುಲಭ" ಅಂತ ನಿಮಗೆ ಎಷ್ಟೋ ಜನ ಹೇಳುತ್ತಾರೆ. ನಂಬಬೇಡಿ. ಬೆಲ್ಟ್ ಒಂದೇ ವೇಗದಲ್ಲಿ ತಿರುಗುತ್ತಿದ್ದರೆ ಅದರ ಮೇಲೆ ಓಡುವುದೂ ನೆಲದ ಮೇಲೆ ಓಡುವುದೂ ಕಾಲಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ. ಸಮವಾಗಿ ಓಡುತ್ತಿರುವ ರೈಲಿನೊಳಗೆ ಎಂಜಿನ್ ಕಡೆಗೆ ನಡೆದರೂ ಗಾರ್ಡ್ ಡಬ್ಬಿಯ ಕಡೆಗೆ ನಡೆದರೂ ಶ್ರಮ ಒಂದೇ ಅಲ್ವಾ, ಇದೂ ಹಾಗೇ. ಒಳಗೆ ನಿಜವಾಗಿ ಇಲ್ಲದಿರುವುದು ಗಾಳಿಯ ತಡೆ. 1996ರಲ್ಲಿ ಬ್ರಿಟನ್ನಿನ ಆಂಡ್ರ್ಯೂ ಜೋನ್ಸ್ ಮತ್ತು ಜೊನಾಥನ್ ಡೌಸ್ಟ್ ಪಳಗಿದ 9 ಓಟಗಾರರನ್ನು ರಸ್ತೆಯಲ್ಲೂ ಓಡಿಸಿ, ಟ್ರೆಡ್‌ಮಿಲ್ ಮೇಲೂ ಓಡಿಸಿ, ದೇಹ ಎಷ್ಟು ಆಮ್ಲಜನಕ ಬಳಸುತ್ತೆ ಅಂತ ಅಳೆದರು. ಟ್ರೆಡ್‌ಮಿಲ್‌ಗೆ 1% ಏರು ಕೊಟ್ಟಾಗ ಅದು ರಸ್ತೆಗೆ ಸರಿಹೊಂದಿತು. ಜಿಮ್‌ನಲ್ಲಿ ಟ್ರೈನರ್‌ಗಳು "ಇನ್‌ಕ್ಲೈನ್ ಒಂದು ಇಡಿ" ಅನ್ನೋದು ಇಲ್ಲಿಂದ ಬಂದ ಮಾತು. ಆದರೆ ಆ ಓಟಗಾರರ ವೇಗ ಗಂಟೆಗೆ 10.5ರಿಂದ 18 ಕಿ.ಮೀ. ಇತ್ತು. ವೇಗ ಏರಿದ ಹಾಗೆ ಗಾಳಿಯ ತಡೆ ಬಹಳ ಬೇಗ ಏರುತ್ತೆ, ನಿಧಾನದಲ್ಲಿ ಅದು ತುಂಬ ಚಿಕ್ಕದು. ನಮ್ಮ ನಿಮ್ಮ ವೇಗದಲ್ಲಿ ಗಾಳಿಯೊಂದೇ ಯಾರನ್ನೂ ಎರಡು ಕಿಲೋಮೀಟರಿಗೆ ನಿಲ್ಲಿಸಲ್ಲ. 1% ಇಟ್ಟುಕೊಳ್ಳಿ, ತಪ್ಪಿಲ್ಲ, ಅದೇ ಔಷಧಿ ಅಂದುಕೊಳ್ಳಬೇಡಿ.

ಇನ್ನೊಂದು ವಿಷಯ, ಇದನ್ನು ಯಾರೂ ನೋಡಲ್ಲ. ಮೆಷಿನ್ ತೋರಿಸುವ ವೇಗ ಸರಿಯಾಗಿದೆಯಾ? ಬೆಲ್ಟ್ ಹಳೆಯದಾದರೆ ತಪ್ಪು ತೋರಿಸಬಹುದು. ನಾನು ಅಳೆದೇ ನೋಡಿದೆ. ಮೆಷಿನ್ ಆಫ್ ಇದ್ದಾಗ ಟೇಪ್ ಹಿಡಿದು ಬೆಲ್ಟಿನ ಪೂರ್ತಿ ಸುತ್ತಿನ ಉದ್ದ ಅಳೆಯಬೇಕು, ಅಂಚಿನಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು, ಆಮೇಲೆ ಒಬ್ಬರು ಓಡುತ್ತಿರುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ಒಂದು ನಿಮಿಷಕ್ಕೆ ಆ ಗುರುತು ಎಷ್ಟು ಸಲ ಬಂತು ಅಂತ ಎಣಿಸಬೇಕು. ನಮ್ಮ ಜಿಮ್‌ನದ್ದು 3 ಮೀಟರ್, ನಿಮಿಷಕ್ಕೆ 51 ಸುತ್ತು. ಅಂದರೆ 153 ಮೀಟರ್, ಗಂಟೆಗೆ ಸುಮಾರು 9.2 ಕಿ.ಮೀ. ಪರದೆ ಮೇಲೆ ಮಾತ್ರ 10 ಅಂತ ಇತ್ತು. ಖಾಲಿ ಬೆಲ್ಟ್ ಎಣಿಸಬೇಡಿ, ಮೇಲೆ ಭಾರ ಬಿದ್ದಾಗ ವೇಗ ಸ್ವಲ್ಪ ಇಳಿಯುವುದುಂಟು.

ಮತ್ತೆ, ಲಾಲ್‌ಬಾಗ್ ಸಮತಟ್ಟಲ್ಲ. ಕೆಂಪೇಗೌಡರ ಗೋಪುರ ಇರುವ ಬಂಡೆಯ ಕಡೆ ಹೋದರೆ ಕಾಲಿಗೆ ಗೊತ್ತಾಗುತ್ತೆ. ಏರನ್ನಾದರೂ ಟ್ರೆಡ್‌ಮಿಲ್ ಕಲಿಸುತ್ತೆ, ಇಳಿಜಾರನ್ನು ಸಾಮಾನ್ಯ ಜಿಮ್‌ನ ಮೆಷಿನ್ ಕಲಿಸಲ್ಲ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು, ಅಭ್ಯಾಸ ಇಲ್ಲದಿದ್ದರೆ ಅದು ವಿಪರೀತ ನೋವು ಕೊಡುತ್ತೆ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಒಂದು ಸಲ ಖುಷಿಯಲ್ಲಿ ಮೇಲಿಂದ ಕೆಳಗೆ ಓಡಿಬಿಟ್ಟೆ. ಹತ್ತುವಾಗ ಏನೂ ಅನ್ನಿಸಲಿಲ್ಲ. ಮೂರು ದಿನ ಮನೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು.

ಇಷ್ಟೆಲ್ಲ ಹೇಳಿದ ಮೇಲೂ ಟ್ರೆಡ್‌ಮಿಲ್‌ನವರು ಅರೆಬರೆ ಓಟಗಾರರು ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತೆ. ಆಗ ಅಲಾಸ್ಕದಲ್ಲಿ ಕ್ರಿಸ್ಟೀನ್ ಕ್ಲಾರ್ಕ್ ಅಂತ ಒಬ್ಬ ಡಾಕ್ಟರ್ ಇದ್ದರು, ಇಬ್ಬರು ಮಕ್ಕಳ ತಾಯಿ. ಹೊರಗೆ ಹಿಮ, ಕತ್ತಲು. ಅವರ ತಯಾರಿಯ ಬಹುಪಾಲು ಟ್ರೆಡ್‌ಮಿಲ್ ಮೇಲೇ ಆಗಿತ್ತು. 2000ದಲ್ಲಿ, 37ರ ವಯಸ್ಸಿನಲ್ಲಿ, ಅಮೆರಿಕದ ಒಲಿಂಪಿಕ್ ಆಯ್ಕೆಯ ಮಹಿಳಾ ಮ್ಯಾರಥಾನ್ ಗೆದ್ದು ಸಿಡ್ನಿಗೆ ಹೋದರು, ಅಲ್ಲಿ 19ನೆಯವರಾಗಿ ಮುಗಿಸಿದರು. ನಮ್ಮಲ್ಲಿ ಹಿಮ ಇಲ್ಲ, ಆದರೆ ಮಲೆನಾಡಲ್ಲೋ ಮಂಗಳೂರಲ್ಲೋ ಜುಲೈ ತಿಂಗಳ ಮಳೆಯಲ್ಲಿ ಎಲ್ಲಿ ಓಡುತ್ತೀರಿ? ಬೆಳಗ್ಗೆ ಐದಕ್ಕೆ, ದೀಪ ಇಲ್ಲದ ರಸ್ತೆಯಲ್ಲಿ, ಬೀದಿನಾಯಿಗಳ ನಡುವೆ ಒಬ್ಬಳೇ ಓಡಲು ನಾನಂತೂ ಹೋಗಲ್ಲ. ವಾರದ ದಿನ ನನಗೆ ಟ್ರೆಡ್‌ಮಿಲ್ ಇದೆ ಅಂತಲೇ ಓಟ ಉಳಿದಿದೆ.

ನೀವು ಹೀಗೆ ಮಾಡಿ. ವಾರದಲ್ಲಿ ಎರಡು ದಿನ ಜಿಮ್ ಇರಲಿ, ಒಂದು ದಿನ ಹೊರಗೆ. ಜಿಮ್‌ನಲ್ಲಿ ಒಂದು ದಿನ ಪರದೆಯ ಮೇಲೆ ಟವೆಲ್ ಹಾಕಿ, ಉಸಿರು ನೋಡಿಕೊಂಡು ವೇಗ ಏರಿಸಿ ಇಳಿಸಿ, ಕೊನೆಗೆ ಟವೆಲ್ ತೆಗೆದು ಎಷ್ಟಿತ್ತು ನೋಡಿ. ಸೇಫ್ಟಿ ಕ್ಲಿಪ್ ಮಾತ್ರ ಬಟ್ಟೆಗೆ ಸಿಕ್ಕಿಸಿಕೊಳ್ಳಿ. ಹೊರಗೆ ಹೋದಾಗ ಮೊದಲ ಕಿಲೋಮೀಟರ್ ಆರೂವರೆ ನಿಮಿಷಕ್ಕಿಂತ ಬೇಗ ಮುಗಿಸಬೇಡಿ, ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಇರಬೇಕು. ನಿಮಗೆ ಅದು ತೀರಾ ನಿಧಾನ ಅನ್ನಿಸುತ್ತೆ, ಎಲ್ಲರೂ ದಾಟಿಕೊಂಡು ಹೋಗುತ್ತಾರೆ. ಹೋಗಲಿ. ಸುಸ್ತಾದರೆ ಒಂದು ನಿಮಿಷ ನಡೆದು ಮತ್ತೆ ಓಡಿ. ಎದೆನೋವು, ತಲೆಸುತ್ತು ಬಂದರೆ ಮಾತ್ರ ತಕ್ಷಣ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ.

ಈ ಭಾನುವಾರ ಮತ್ತೆ ಲಾಲ್‌ಬಾಗ್‌ಗೆ ಹೋಗಿ ಬನ್ನಿ. ಮೊದಲ ಕಿಲೋಮೀಟರ್ ಎಷ್ಟಾಯಿತು, ಎಲ್ಲಿವರೆಗೆ ಓಡಿದಿರಿ, ಇಲ್ಲೇ ಕೆಳಗೆ ಬರೆಯಿರಿ. ನಾನು ನೋಡುತ್ತಿರುತ್ತೇನೆ.